ತಿರುವು ಎಲ್ಲಿ ಆತು? ಕಬ್ಬಿನ ಪಾಳಿಯಿಂದ ಕೂತ್ ತನಕ, ಮೊದಲ ಮಹಾಯುದ್ಧದ ಒಂದು ಪಾಠ

ಹೋದ ಹಂಗಾಮಿನಲ್ಲಿ ನಮ್ಮ ಕನ್ನಡ ಕೂಟದ ನಾಲ್ಕೈದು ಮಂದಿ ರಾಯಬಾಗ ತಾಲೂಕಿನ ಅಲಖನೂರಿಗೆ ಹೋಗಿದ್ದೆವು. ನಮ್ಮೊಳಗಿನ ಒಬ್ಬ ಗೆಳೆಯನ ಊರು ಅದು. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು. ಕಾರ್ಖಾನೆಯ ಗೇಟಿನ ಮುಂದ ಹಚ್ಚಿದ ಪಾಳಿ ಕಣ್ಣಿಗೆ ಕಾಣೂಷ್ಟು ದೂರ ನಿಂತಿತ್ತು. ಗ್ಯಾಂಗಿನವರು ಕಡಿದದ್ದು ಮೊನ್ನೆ, ಟ್ರೇಲರಿಗೆ ಏರಿದ್ದು ನಿನ್ನೆ, ಇವತ್ತು ಬಿಸಿಲಿನಲ್ಲಿ ನಿಂತು ತೂಕ ಕಳಕೊಳ್ಳುತ್ತಿತ್ತು. ಗೆಳೆಯನ ಅಜ್ಜ ಅದನ್ನು ನೋಡಿ, "ತಮ್ಮಾ, ಕಡದದ್ದು ಕಬ್ಬಲ್ಲ, ಕಾಟಾ ದಾಟಿದ್ದ ಕಬ್ಬು" ಅಂದರು.

ಆ ರಾತ್ರಿ ಅಟ್ಟದ ಮೇಲೆ ನಮ್ಮ ಅಭ್ಯಾಸ ಕೂಟ ನಡೀತು. ನಮ್ಮಲ್ಲಿ ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಅವತ್ತಿನ ಪಾಠ: ಮೊದಲ ಮಹಾಯುದ್ಧದ ಮುಖ್ಯ ತಿರುವುಗಳು. ಇಸವಿ, ಕಾಳಗ, ಸೇನಾಪತಿ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡ್ತಿದ್ದೆವು. ನಡುವೆ ಒಬ್ಬರು ಕೇಳಿದರು: "ಈ ತಿರುವು ಆಗಿದ್ದು ಕಾಳಗದ ದಿನಾನ, ಇಲ್ಲಾ ಅದಕ್ಕಿಂತ ಮೊದಲ ಎಲ್ಲೋ ಪಾಳಿಯೊಳಗ?" ಈ ಲೇಖನ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ನಾವು ಕಂಡುಕೊಂಡ ಉತ್ತರವನ್ನು ಇಲ್ಲಿ ಪಾಠದ ರೂಪದಲ್ಲಿ ಇಡುತ್ತಿದ್ದೇವೆ.

1. ತಿರುವು ಅಂದ್ರ ಏನು?

ಯುದ್ಧದಲ್ಲಿ ಕಾಳಗಗಳು ನೂರಾರು. ಎಲ್ಲಾ ಕಾಳಗಗಳೂ ತಿರುವು ಅಲ್ಲ. ಯಾವ ಘಟನೆಯ ನಂತರ ಒಂದು ಪಕ್ಷಕ್ಕೆ ಮೊದಲಿನ ಯೋಜನೆಯನ್ನು ಮುಂದುವರಿಸಲು ಸಾಧ್ಯವೇ ಇರುವುದಿಲ್ಲವೋ ಅದನ್ನು ತಿರುವು ಅನ್ನೋಣ.

ಮೊದಲ ಉದಾಹರಣೆ 1914ರ ಸೆಪ್ಟೆಂಬರಿನ ಮಾರ್ನ್ ಕಾಳಗ. ಜರ್ಮನಿಯ ಯೋಜನೆ ಸರಳ ಇತ್ತು: ಬೆಲ್ಜಿಯಂ ಮೂಲಕ ಸುತ್ತಿ ಬಂದು ಕೆಲವೇ ವಾರಗಳಲ್ಲಿ ಫ್ರಾನ್ಸನ್ನು ಸೋಲಿಸುವುದು, ಆಮೇಲೆ ರಷ್ಯಾದ ಕಡೆ ತಿರುಗುವುದು. ಸೈನ್ಯ ಪ್ಯಾರಿಸ್ ಹತ್ತಿರಕ್ಕೆ ಬಂತು ಖರೆ. ಆದರೆ ಹಿಂದೆ ಬೆಲ್ಜಿಯಂನಲ್ಲಿ ರೈಲು ಸೇತುವೆ, ಸುರಂಗಗಳು ಒಡೆದಿದ್ದವು. ರೈಲು ನಿಲ್ಲುವ ಜಾಗ ಬಹಳ ಹಿಂದೆ ಉಳಿಯಿತು. ಜರ್ಮನ್ ಲಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾರ್ನ್ ತಲುಪುವಷ್ಟರಲ್ಲಿ ಕೆಟ್ಟು ನಿಂತಿದ್ದವು. ಸಿಪಾಯಿಗಳು ಆಗಸ್ಟ್ ಬಿಸಿಲಿನಲ್ಲಿ ನಡೆದು ನಡೆದು ಸುಸ್ತಾಗಿದ್ದರು. ಅತ್ತ ಫ್ರೆಂಚ್ ಸೇನಾಪತಿ ಜೊಫ್ರ್ ತನ್ನ ಪೂರ್ವದ ಗಡಿಯಿಂದ ಪಡೆಗಳನ್ನು ರೈಲಿನಲ್ಲಿ ಪ್ಯಾರಿಸ್ ಕಡೆಗೆ ತಂದ. ಪ್ಯಾರಿಸ್ಸಿನ ಟ್ಯಾಕ್ಸಿಗಳು ಸೈನಿಕರನ್ನು ಒಯ್ದ ಕಥೆ ಎಲ್ಲರಿಗೂ ಗೊತ್ತು. ಆದರೆ ಟ್ಯಾಕ್ಸಿ ಒಯ್ದದ್ದು ಕೆಲವು ಸಾವಿರ ಮಂದಿಯನ್ನು ಮಾತ್ರ. ದೊಡ್ಡ ಕೆಲಸ ಮಾಡಿದ್ದು ರೈಲು. ಜರ್ಮನ್ ಸೇನೆಗಳ ನಡುವೆ ಬಿದ್ದ ಅಂತರ, ಸೇನಾಪತಿಗಳ ತಪ್ಪು ಇವೆಲ್ಲ ಸೋಲಿಗೆ ಕಾರಣವೇ. ಆದರೆ ದಣಿದ ಸೈನ್ಯಕ್ಕೆ ತಪ್ಪು ತಿದ್ದಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಯುದ್ಧ ಅಲ್ಲಿಂದ ಕಂದಕಕ್ಕೆ ಇಳಿಯಿತು, ನಾಲ್ಕು ವರ್ಷ ಅಲ್ಲೇ ಉಳಿಯಿತು.

2. ನಮ್ಮ ಕಡೆಯ ಪಲ್ಟಣಗಳು

ಈಗ ನಮ್ಮ ಭಾಗಕ್ಕೆ ಬರೋಣ. ಆಗ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತದೊಳಗಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದೊಳಗಿತ್ತು. ಸಾತಾರಾ, ಕೊಲ್ಲಾಪುರ, ರತ್ನಾಗಿರಿ, ಬೆಳಗಾವಿ ಕಡೆಯ ಹುಡುಗರು ಭರ್ತಿ ಆಗುತ್ತಿದ್ದದ್ದು ಮರಾಠಾ ಪಲ್ಟಣಗಳಿಗೆ. ಯುದ್ಧದಲ್ಲಿ 13 ಲಕ್ಷಕ್ಕಿಂತ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದರು, ಸುಮಾರು 74,000 ಮಂದಿ ತೀರಿಕೊಂಡರು. ಅವರಲ್ಲಿ ಅತಿ ಹೆಚ್ಚು ಜನ ಹೋದ ರಣರಂಗ ಫ್ರಾನ್ಸ್ ಅಲ್ಲ, ಮೆಸೊಪೊಟೇಮಿಯಾ, ಅಂದರೆ ಇವತ್ತಿನ ಇರಾಕ್.

1914ರ ನವೆಂಬರ್ 6ರಂದು ಭಾರತದಿಂದ ಹೋದ ಪಡೆ ಫಾವ್ ಎಂಬಲ್ಲಿ ಇಳಿಯಿತು. ಅಬಾದಾನಿನ ಎಣ್ಣೆ ಶುದ್ಧೀಕರಣ ಘಟಕವನ್ನು ಕಾಯುವುದು ಮುಖ್ಯ ಉದ್ದೇಶ. ಅದೇ ತಿಂಗಳು ಬಸ್ರಾ ಕೈಗೆ ಬಂತು. ಈ ಪಡೆಯ ಹೆಸರು 6ನೇ ಪುಣೆ ಡಿವಿಜನ್. ಅದರಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು.

ಬಸ್ರಾ ಸಿಕ್ಕ ಮೇಲೆ ಕೆಲಸ ಮುಗೀಬೇಕಾಗಿತ್ತು. ಮುಗೀಲಿಲ್ಲ. ಗೆಲುವು ಸುಲಭ ಆದಾಗ ಇನ್ನೊಂದು ಊರು, ಮತ್ತೊಂದು ಊರು ಅನ್ನುವ ಆಸೆ ಹುಟ್ಟುತ್ತದೆ. 1915ರ ಜೂನ್‌ನಲ್ಲಿ ಅಮಾರಾ, ಜುಲೈನಲ್ಲಿ ನಾಸಿರಿಯಾ, ಸೆಪ್ಟೆಂಬರ್ ಕೊನೆಗೆ ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂತ್. ಮೇಲಧಿಕಾರಿ ಜನರಲ್ ನಿಕ್ಸನ್. ಮುಂದೆ ನಿಂತು ನಡೆಸಿದವನು ಜನರಲ್ ಟೌನ್‌ಶೆಂಡ್. ಮುಂದಿನ ಗುರಿ ಬಾಗ್ದಾದ್. ಬಸ್ರಾದಿಂದ ಅಲ್ಲಿಗೆ ನದಿ ದಾರಿಯಲ್ಲಿ ಸುಮಾರು 800 ಕಿಲೋಮೀಟರ್. ರೈಲು ಇಲ್ಲ. ಗಟ್ಟಿ ರಸ್ತೆ ಇಲ್ಲ. ಬಸ್ರಾದಲ್ಲಿ ಸಮುದ್ರದ ಹಡಗು ಬಂದು ಹತ್ತುವಂಥ ಕಟ್ಟೆಯೂ ಇರಲಿಲ್ಲ. ನಡುನೀರಿನಲ್ಲಿ ಹಡಗು ನಿಲ್ಲಿಸಿ, ನಾಡದೋಣಿಗೆ ಸಾಮಾನು ಇಳಿಸಬೇಕಾಗಿತ್ತು.

3. ಒಂದು ಸಣ್ಣ ಲೆಕ್ಕ

ಇಲ್ಲಿ ಪುಸ್ತಕ ಮುಚ್ಚಿ ನಾವೇ ಒಂದು ಲೆಕ್ಕ ಮಾಡಿದೆವು. ಇದರ ಅಂಕಿಗಳು ತಿಳಿವಳಿಕೆಗಾಗಿ ನಾವು ಹಿಡಿದದ್ದು, ದಾಖಲೆಯವು ಅಲ್ಲ.

10,000 ಸಿಪಾಯಿಗಳು, ತಲೆಗೆ ದಿನಕ್ಕೆ 1.5 ಕಿಲೋ: 15 ಟನ್. 2,500 ಕುದುರೆ-ಹೇಸರಗತ್ತೆಗಳು, ಒಂದೊಂದಕ್ಕೆ ಮೇವು ಕಾಳು ಸೇರಿ 10 ಕಿಲೋ: 25 ಟನ್. ಒಟ್ಟು ದಿನಕ್ಕೆ 40 ಟನ್. ಒಂದು ನದಿ ನೌಕೆ 100 ಟನ್ ಹೊರುತ್ತದೆ, ಹೋಗಿ ಬರಲು 10 ದಿನ ಬೇಕು ಅನ್ನೋಣ.

ಬೇಕಾದ ನೌಕೆಗಳು = ದಿನದ ಬೇಡಿಕೆ × ಒಂದು ಸುತ್ತಿನ ದಿನಗಳು ÷ ಒಂದು ನೌಕೆಯ ಹೊರೆ = 40 × 10 ÷ 100 = 4.

ಈಗ ದಂಡು ಎರಡು ಪಟ್ಟು ದೂರ ಹೋಯಿತು ಅನ್ನಿ. ಸಿಪಾಯಿ ಅಷ್ಟೇ, ಹಸಿವು ಅಷ್ಟೇ. ಆದರೆ ಸುತ್ತು 20 ದಿನ ಆಯಿತು. ನೌಕೆ 8 ಬೇಕು. ಗುಂಡು, ಮದ್ದು, ಔಷಧ, ಗಾಯಾಳುಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ನೀರು ಕಡಿಮೆ ಆದಾಗ ನೌಕೆ ಉಸುಕಿನಲ್ಲಿ ಸಿಕ್ಕಿಕೊಳ್ಳುವುದೂ ಇಲ್ಲ. ಆಪರೇಷನ್ಸ್ ರಿಸರ್ಚ್ ಓದಿದವರು ಇದನ್ನು ಗುರುತು ಹಿಡೀತಾರೆ: ವ್ಯವಸ್ಥೆಯೊಳಗೆ ಸಿಕ್ಕಿರುವ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದಕ್ಕೆ ಇದಕ್ಕೆ ಲಿಟಲ್ ಸೂತ್ರ ಅಂತ ಹೆಸರು. ಕಬ್ಬಿನ ಪಾಳಿಗೂ ಇದೇ ಸೂತ್ರ, ಟೈಗ್ರಿಸ್ ನದಿಗೂ ಇದೇ.

ದಂಡು ಮುಂದೆ ಹೋದ ಪ್ರತಿ ಮೈಲಿಗೂ ಹಿಂದೆ ನೌಕೆ ಹೆಚ್ಚಬೇಕಾಗಿತ್ತು. ನೌಕೆ ಹೆಚ್ಚಲಿಲ್ಲ, ಮೈಲಿ ಹೆಚ್ಚಿತು.

4. ಕೂತ್: 147 ದಿನ

1915ರ ನವೆಂಬರ್ 22ರಂದು ಬಾಗ್ದಾದಿನ ಹತ್ತಿರ ಟೆಸಿಫಾನ್ ಎಂಬಲ್ಲಿ ಕಾಳಗ ಆಯಿತು. ಹೋರಾಡಿದವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳನ್ನು ಒಯ್ಯಲು ಆಸ್ಪತ್ರೆ ನೌಕೆ ಇಲ್ಲ. ಸ್ಪ್ರಿಂಗ್ ಇಲ್ಲದ ಸಾಮಾನು ಗಾಡಿಗಳಲ್ಲಿ ಮುರಿದ ಕಾಲಿನವರನ್ನು ಹಾಕಿ ಗುಡ್ಡು ನೆಲದ ಮೇಲೆ ಎಳೆದರು. ಆಮೇಲೆ ನೌಕೆಯ ಬರಿ ಡೆಕ್ಕಿನ ಮೇಲೆ ದಿನಗಟ್ಟಲೆ ಪಯಣ. ಬಾಗ್ದಾದ್ ಕನಸು ಅಲ್ಲಿಗೆ ಮುಗಿಯಿತು.

ಹಿಂದೆ ಸರಿದ ದಂಡು ಡಿಸೆಂಬರ್ 3ರಂದು ಕೂತ್ ಸೇರಿತು. 7ರಂದು ಆಟೊಮನ್ ಸೇನೆ ಸುತ್ತುವರಿಯಿತು. ಒಳಗೆ ಮೂರೂ ಮರಾಠಾ ಪಲ್ಟಣಗಳು ಸಿಕ್ಕಿಕೊಂಡವು. ಅವರ ಜೊತೆ ಸುಮಾರು 6,000 ಊರ ಜನರೂ ಇದ್ದರು.

ಇಲ್ಲಿ ಗಮನಿಸಬೇಕಾದ ತಪ್ಪು ಒಂದದ. ಉಗ್ರಾಣದಲ್ಲಿ ಎಷ್ಟು ದಿನದ ಆಹಾರ ಇದೆ ಅಂತ ಟೌನ್‌ಶೆಂಡ್ ಮೊದಲು ಕಡಿಮೆ ಹೇಳಿದ. ಅದನ್ನು ನಂಬಿ ಬಿಡಿಸಲು ಬಂದ ಪಡೆ 1916ರ ಜನವರಿಯಲ್ಲಿ ಪೂರ್ತಿ ಕೂಡುವ ಮೊದಲೇ, ಚೂರು ಚೂರಾಗಿ, ಕೆಸರಿನಲ್ಲಿ ದಾಳಿ ಮಾಡಿತು. ಶೇಖ್ ಸಾದ್, ವಾದಿ, ಹನ್ನಾ: ಒಂದಾದ ಮೇಲೆ ಒಂದು ಕಾಳಗ, ಸಾವಿರಾರು ನಷ್ಟ. ಜನವರಿ ಕೊನೆಗೆ ಊರಿನ ಮನೆಗಳನ್ನು ಶೋಧಿಸಿದಾಗ ಧಾನ್ಯ ಇನ್ನೂ ಬಹಳ ದಿನಕ್ಕೆ ಆಗುತ್ತದೆ ಅಂತ ಗೊತ್ತಾಯಿತು. ತಪ್ಪು ಸ್ಟಾಕ್ ಲೆಕ್ಕದ ಬೆಲೆಯನ್ನು ಹೊರಗಿನವರು ಜೀವದಿಂದ ಕೊಟ್ಟಿದ್ದರು. ಅದೇ ಹೊತ್ತಿಗೆ ಬಿಡಿಸಲು ಬಂದ ಇನ್ನೂ ಸಾವಿರಾರು ಮಂದಿ ಬಸ್ರಾದಲ್ಲೇ ಕೂತಿದ್ದರು. ಮೇಲಕ್ಕೆ ಒಯ್ಯಲು ನೌಕೆ ಇರಲಿಲ್ಲ.

ಒಳಗೆ ರೇಶನ್ ಇಳಿಯುತ್ತಾ ಹೋಯಿತು. ಕುದುರೆಗಳನ್ನು ಕೊಯ್ದರು. ಧರ್ಮ, ಜಾತಿ, ಊರಿಗೆ ಹೋದ ಮೇಲೆ ಜನ ಏನಂದಾರು ಅನ್ನುವ ಅಂಜಿಕೆ, ಇವುಗಳಿಂದ ಬಹಳ ಭಾರತೀಯ ಸಿಪಾಯಿಗಳು ಆ ಮಾಂಸ ತಿನ್ನಲಿಲ್ಲ. ಕಾಯಿಪಲ್ಲೆ ಇಲ್ಲದೆ ಸ್ಕರ್ವಿ ಬಂತು, ಒಸಡು ಬಾತವು. ಏಪ್ರಿಲ್‌ನಲ್ಲಿ ವಿಮಾನಗಳಿಂದ ಹಿಟ್ಟಿನ ಚೀಲ ಎಸೆದರು. ಮುತ್ತಿಗೆಯಲ್ಲಿ ಸಿಕ್ಕವರಿಗೆ ಆಕಾಶದಿಂದ ಆಹಾರ ಹಾಕಿದ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಆದರೆ ಅವತ್ತಿನ ವಿಮಾನ ಹೊರುವುದು ಎಷ್ಟು? ಸಾಲಲಿಲ್ಲ. ಏಪ್ರಿಲ್ 24ರ ರಾತ್ರಿ ಜುಲ್ನಾರ್ ಎಂಬ ನೌಕೆ ಸುಮಾರು 270 ಟನ್ ಸಾಮಾನು ಹೊತ್ತು ಶತ್ರು ಸಾಲಿನ ನಡುವೆ ನುಗ್ಗಲು ನೋಡಿತು, ಸಿಕ್ಕಿಬಿತ್ತು.

1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು. ಬಿಡಿಸಲು ಹೋಗಿ ಸತ್ತವರು, ಗಾಯಗೊಂಡವರು ಸುಮಾರು 23,000. ಸೆರೆಯಾದ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿದರು, ರೈಲು ಹಾದಿಯ ಕೆಲಸಕ್ಕೆ ಹಚ್ಚಿದರು. ಸಾವಿರಾರು ಮಂದಿ ಊರಿಗೆ ತಿರುಗಿ ಬರಲೇ ಇಲ್ಲ.

5. ಅದೇ ವಾರ, ಬೆಳಗಾವಿಯಲ್ಲಿ

ಕೂತ್ ಬೀಳುವ ಒಂದು ದಿನ ಮೊದಲು, 1916ರ ಏಪ್ರಿಲ್ 28ರಂದು, ಬೆಳಗಾವಿಯಲ್ಲಿ ಲೋಕಮಾನ್ಯ ಟಿಳಕರು ಹೋಂ ರೂಲ್ ಲೀಗ್ ಕಟ್ಟಿದರು. ಎರಡಕ್ಕೂ ನೇರ ಸಂಬಂಧ ಇಲ್ಲ, ಇಸವಿ ಕೂಡಿ ಬಂದದ್ದು ಅಷ್ಟೇ. ಆದರೆ ಮುಂದಿನ ವರ್ಷ ಎರಡು ದಾರಿಗಳೂ ಹತ್ತಿರ ಬಂದವು.

ಮೆಸೊಪೊಟೇಮಿಯಾದ ಅನಾಹುತದ ಬಗ್ಗೆ ಬ್ರಿಟಿಷ್ ಪಾರ್ಲಿಮೆಂಟು ವಿಚಾರಣಾ ಆಯೋಗ ನೇಮಿಸಿತು. 1917ರ ಜೂನ್‌ನಲ್ಲಿ ವರದಿ ಬಂತು. ಭಾರತ ಸರಕಾರದ ಆಡಳಿತದ ಮೇಲೆ ಅದು ಕಟುವಾದ ಟೀಕೆ ಮಾಡಿತು. ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟ. ಆ ಜಾಗಕ್ಕೆ ಬಂದವನು ಎಡ್ವಿನ್ ಮಾಂಟೆಗು. 1917ರ ಆಗಸ್ಟ್ 20ರಂದು ಭಾರತಕ್ಕೆ ಹಂತ ಹಂತವಾಗಿ ಜವಾಬ್ದಾರಿ ಸರಕಾರ ಕೊಡುವ ಘೋಷಣೆ ಮಾಡಿದವನು ಇವನೇ. ಆ ಘೋಷಣೆಗೆ ಹೋಂ ರೂಲ್ ಚಳವಳಿಯ ಒತ್ತಡವೂ ಕಾರಣ, ಯುದ್ಧದ ಒತ್ತಡವೂ ಕಾರಣ. ಪರೀಕ್ಷೆಯಲ್ಲಿ ಮಾಂಟೆಗು ಘೋಷಣೆ ಅಂತ ಒಂದು ಸಾಲು ಬರೀವಾಗ, ಅದರ ಹಿಂದೆ ಕೂತ್‌ನ ಹಸಿವೂ ಇದೆ ಅಂತ ನೆನಪಿರಲಿ.

6. ನಿಜವಾದ ತಿರುವು: ಬಸ್ರಾದ ಕಟ್ಟೆ

ಪಟ್ಟಿಗಳಲ್ಲಿ ಈ ರಣರಂಗದ ತಿರುವು ಅಂತ 1917ರ ಮಾರ್ಚ್ 11, ಬಾಗ್ದಾದ್ ವಶ ಅಂತ ಬರೆದಿರುತ್ತದೆ. ನಮ್ಮ ಕೂಟದ ಅಭಿಪ್ರಾಯದಲ್ಲಿ ತಿರುವು ಅದಕ್ಕಿಂತ ಮೊದಲೇ, 1916ರ ಬೇಸಿಗೆ-ಮಳೆಗಾಲದಲ್ಲಿ, ಗುಂಡಿನ ಸದ್ದಿಲ್ಲದೆ ಆಯಿತು.

ಆ ವರ್ಷ ಬಸ್ರಾದ ಹೊರಗೆ ಹಡಗುಗಳು ಸಾಮಾನು ಇಳಿಸಲು ವಾರಗಟ್ಟಲೆ ಪಾಳಿ ನಿಂತಿದ್ದವು. ಮತ್ತೆ ನಮ್ಮ ಸೂತ್ರ ಹಚ್ಚಿ ನೋಡ್ರಿ: ಮುಂಬೈಯಿಂದ ಹೋಗಲು 7 ದಿನ, ಬರಲು 7, ಇಳಿಸಲು 2 ಅಂತ ಹಿಡಿದರೆ ಸುತ್ತು 16 ದಿನ. ಪಾಳಿಯಲ್ಲಿ ಒಂದು ತಿಂಗಳು ನಿಂತರೆ 46 ದಿನ. ಅಂದರೆ ಅದೇ ಹಡಗುಗಳು ಮೂರರಲ್ಲಿ ಒಂದು ಪಾಲು ಸಾಮಾನು ಮಾತ್ರ ಮುಟ್ಟಿಸುತ್ತವೆ. ಹಡಗು ಹೆಚ್ಚು ಕಳಿಸಿದರೆ ಪಾಳಿ ಇನ್ನೂ ಉದ್ದ ಆಗುತ್ತದೆ, ಕೂತ್‌ಗೆ ಒಂದು ಚೀಲವೂ ಹೆಚ್ಚಿಗೆ ಮುಟ್ಟುವುದಿಲ್ಲ. ಕೆಲಸ ಮಾಡಬೇಕಾದದ್ದು ಕಾಟಾದಲ್ಲಿ.

ಆ ಕೆಲಸ ಮಾಡಿದರು. ರಂಗೂನ್ ಬಂದರಿನ ಅನುಭವ ಇದ್ದ ಎಂಜಿನಿಯರ್ ಜಾರ್ಜ್ ಬುಕಾನನ್ ಅವರನ್ನು ಬಸ್ರಾಕ್ಕೆ ಕರೆಸಿದರು. ಮಾಕಿಲ್ ಎಂಬಲ್ಲಿ ಹಡಗು ಹತ್ತುವ ಕಟ್ಟೆಗಳು ಎದ್ದವು. ಜೌಗು ನೆಲದ ಮೇಲೆ ರಸ್ತೆ, ಗೋದಾಮು, ಆಸ್ಪತ್ರೆ ಬಂದವು. ಭಾರತದಿಂದ ರೈಲು ಹಳಿ, ಎಂಜಿನ್, ನದಿ ನೌಕೆಗಳು ಹೋದವು. ಅವುಗಳ ಜೊತೆ ಸಾವಿರಾರು ಕೂಲಿಗಳು, ಹಮಾಲರು, ಬಡಿಗರು, ಕಮ್ಮಾರರು ಹೋದರು. ಇವರ ಎದೆಯ ಮೇಲೆ ಶೌರ್ಯ ಪದಕ ಬೀಳಲಿಲ್ಲ. ಆದರೆ ಯುದ್ಧದ ಲೆಕ್ಕ ಬದಲಿಸಿದವರಲ್ಲಿ ಇವರೂ ಇದ್ದಾರೆ.

ಆಗಸ್ಟ್ ಕೊನೆಗೆ ಜನರಲ್ ಮಾಡ್ ಅಧಿಕಾರ ವಹಿಸಿಕೊಂಡ. ತಕ್ಷಣ ದಾಳಿ ಮಾಡಲಿಲ್ಲ. ಉಗ್ರಾಣ ತುಂಬುವ ತನಕ ತಿಂಗಳುಗಟ್ಟಲೆ ಕಾದು, ಡಿಸೆಂಬರ್ 13ಕ್ಕೆ ಹೊರಟ. 1917ರ ಫೆಬ್ರವರಿ 23ರಂದು ಕೂತ್‌ನ ಮೇಲ್ಬದಿ ಶುಮ್ರಾನ್ ತಿರುವಿನಲ್ಲಿ, ತುಂಬಿ ಹರಿಯುವ ಟೈಗ್ರಿಸ್ ಮೇಲೆ, ಗುಂಡಿನ ನಡುವೆ ದೋಣಿ ದಾಟಿಸಿ, ಅದೇ ದಿನ ಸಂಜೆಯೊಳಗೆ ತೇಲು ಸೇತುವೆ ಕಟ್ಟಿದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ತುಕಡಿಗಳೂ ಈ ಮೆಸೊಪೊಟೇಮಿಯಾ ದಂಡಯಾತ್ರೆಯಲ್ಲಿದ್ದವು. ಕೂತ್ ಮರಳಿ ಸಿಕ್ಕಿತು. ಹದಿನಾರು ದಿನಕ್ಕೆ ಬಾಗ್ದಾದ್.

ಹಿಂದಿನ ಸಲ ಸೋತವರು ಹೇಡಿಗಳಲ್ಲ, ಈ ಸಲ ಗೆದ್ದವರು ಹೆಚ್ಚು ಶೂರರೂ ಅಲ್ಲ. ಸಿಪಾಯಿ ಅವನೇ. ಹಿಂದಿನ ಪಾಳಿ ಕರಗಿತ್ತು, ಅಷ್ಟೇ.

7. ಉಳಿದ ತಿರುವುಗಳನ್ನು ಇದೇ ಕಣ್ಣಿನಿಂದ ನೋಡೋಣ

ಮೆಸೊಪೊಟೇಮಿಯಾದಿಂದ ಇಡೀ ಯುದ್ಧ ತೀರ್ಮಾನ ಆಗಲಿಲ್ಲ. ಅದು ಆದದ್ದು ಪಶ್ಚಿಮ ಯುರೋಪಿನಲ್ಲಿ. ಆದರೆ ಅಲ್ಲಿಯೂ ಪಾಠ ಇದೇ.

1917, ಸಮುದ್ರ. ಏಪ್ರಿಲ್ ಒಂದೇ ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸಿದ ಹಡಗುಗಳು 8 ಲಕ್ಷ ಟನ್ನಿಗಿಂತ ಹೆಚ್ಚು. ಬ್ರಿಟನ್ನಿಗೆ ಹಸಿವಿನ ಅಂಜಿಕೆ ಬಂತು. ಮೇ ತಿಂಗಳಿಂದ ಹಡಗುಗಳನ್ನು ಗುಂಪು ಮಾಡಿ ಯುದ್ಧನೌಕೆಯ ಕಾವಲಿನಲ್ಲಿ ಕಳಿಸುವ ಪದ್ಧತಿ ಬಂತು, ನಷ್ಟ ಇಳಿಯಿತು. ಏಪ್ರಿಲ್ 6ರಂದೇ ಅಮೆರಿಕ ಯುದ್ಧಕ್ಕೆ ಇಳಿದಿತ್ತು. ಆದರೆ ಘೋಷಣೆಯ ದಿನಕ್ಕಿಂತ ಮುಖ್ಯ ಆದದ್ದು 1918ರ ಬೇಸಿಗೆ. ಆಗ ತಿಂಗಳಿಗೆ ಎರಡು ಲಕ್ಷಕ್ಕಿಂತ ಹೆಚ್ಚು ಅಮೆರಿಕನ್ ಸೈನಿಕರು ಸಮುದ್ರ ದಾಟಿ ಬಂದಿಳಿಯುತ್ತಿದ್ದರು.

1917, ರಷ್ಯಾ. ಮಾರ್ಚ್‌ನಲ್ಲಿ ಪೆತ್ರೊಗ್ರಾದಿನ ಬೀದಿಯಲ್ಲಿ ರೊಟ್ಟಿಗಾಗಿ ಎದ್ದ ಕೂಗು ತ್ಸಾರನ ಸಿಂಹಾಸನ ಉರುಳಿಸಿತು. ದೇಶದಲ್ಲಿ ಧಾನ್ಯ ಇತ್ತು. ಅದನ್ನು ನಗರಕ್ಕೆ ಮುಟ್ಟಿಸಬೇಕಾದ ರೈಲು ವ್ಯವಸ್ಥೆ ಕುಸಿದಿತ್ತು.

1918 ಮಾರ್ಚ್ 21, ಜರ್ಮನಿಯ ಕೊನೆಯ ದೊಡ್ಡ ದಾಳಿ. ವರ್ಷಗಟ್ಟಲೆ ಕದಲದ ಸಾಲು ಹತ್ತಾರು ಮೈಲಿ ಹಿಂದೆ ಸರಿಯಿತು. ಆದರೆ ದಾಟಬೇಕಾದದ್ದು ಹಳೇ ಕಾಳಗದಲ್ಲಿ ಹಾಳಾದ ನೆಲ. ಫಿರಂಗಿ, ಆಹಾರ ಹಿಂದೆ ಉಳಿದವು. ಆಮಿಯೆನ್ ಎಂಬ ರೈಲು ಜಂಕ್ಷನ್ ಸಿಗಲಿಲ್ಲ. ಆಗಸ್ಟ್ 8ರಂದು ಅದೇ ಆಮಿಯೆನ್ ಮುಂದೆ ಮಿತ್ರ ಸೈನ್ಯ ತಿರುಗಿ ಹೊಡೆಯಿತು. ಅಲ್ಲಿಂದ ಜರ್ಮನಿ ಮುಂದೆ ಬರಲೇ ಇಲ್ಲ.

1918 ಸೆಪ್ಟೆಂಬರ್ 23, ಹೈಫಾ. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ, ಈಟಿ ಹಿಡಿದು, ಮಷಿನ್‌ಗನ್ ಎದುರು ನುಗ್ಗಿದ ಕಥೆ ನಮಗೆಲ್ಲ ಹೆಮ್ಮೆ. ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ನೆನಪಿನವು. ಆದರೆ ಹೈಫಾ ಯಾಕೆ ಬೇಕಾಗಿತ್ತು? ಅದು ಬಂದರು. ಉತ್ತರಕ್ಕೆ ಓಡುತ್ತಿದ್ದ ಸೈನ್ಯಕ್ಕೆ ಸಮುದ್ರದಿಂದ ಸಾಮಾನು ಇಳಿಸಲು ಜಾಗ ಬೇಕಾಗಿತ್ತು.

1918 ಅಕ್ಟೋಬರ್ ಕೊನೆ, ಶರ್ಕತ್. ಟೈಗ್ರಿಸ್ ಮೇಲಿನ ಈ ಕಾಳಗದಲ್ಲಿ 114ನೇ ಮರಾಠಾ ಪಲ್ಟಣ ಬಹಳ ಶೌರ್ಯ ಪದಕ ಪಡೆಯಿತು. 30ರಂದು ಆಟೊಮನ್ ಪಡೆ ಶರಣಾಯಿತು, ಅದೇ ದಿನ ಕದನವಿರಾಮಕ್ಕೆ ಸಹಿ ಬಿತ್ತು. ನವೆಂಬರ್ 11ಕ್ಕೆ ಇಡೀ ಯುದ್ಧ ನಿಂತಿತು. 1922ರಲ್ಲಿ ಈ ಮರಾಠಾ ಪಲ್ಟಣಗಳೆಲ್ಲ ಒಂದೇ ರೆಜಿಮೆಂಟ್ ಆದವು. ಅದರ ಕೇಂದ್ರ ಇವತ್ತಿಗೂ ಬೆಳಗಾವಿಯಲ್ಲಿದೆ. ಬೆಳಗಾವಿಗೆ ಪರೀಕ್ಷೆಗೋ ಸಂದರ್ಶನಕ್ಕೋ ಹೋಗುವಾಗ ಕ್ಯಾಂಪಿನ ಗೇಟು ದಾಟುತ್ತೀರಲ್ಲ, ಅದೇ.

8. ಅಭ್ಯಾಸಕ್ಕೆ

ಮುಂದಿನ ಕೂಟಕ್ಕೆ ಬರುವವರು ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ತರಬೇಕು.

ಒಂದು: ನಮ್ಮ ಸೂತ್ರದಲ್ಲಿ ನೌಕೆಯ ಹೊರೆ ಎರಡು ಪಟ್ಟು ಮಾಡುವುದು, ಸುತ್ತಿನ ದಿನ ಅರ್ಧ ಮಾಡುವುದು, ಎರಡರ ಫಲ ಕಾಗದದ ಮೇಲೆ ಒಂದೇ. ಬೇಸಿಗೆಯ ಟೈಗ್ರಿಸ್ ಮೇಲೆ ಯಾವುದು ಸಾಧ್ಯ, ಯಾಕೆ?

ಎರಡು: ಕೂತ್‌ನಲ್ಲಿ ಧಾನ್ಯದ ಮೊದಲ ಎಣಿಕೆ ಸರಿ ಇದ್ದಿದ್ದರೆ ಜನವರಿಯ ದಾಳಿಗಳು ಹೇಗೆ ಬದಲಾಗಬಹುದಿತ್ತು?

ಮೂರು: ನಿಮ್ಮ ಊರಿನ ಹಳೇ ಚಾವಡಿ, ಶಾಲೆ, ಗುಡಿಯ ಹತ್ತಿರ 1914ರಿಂದ 1919ರ ಯುದ್ಧದ ಕಲ್ಲು ಇದೆಯಾ ನೋಡ್ರಿ. ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ಅಂಥ ಕಲ್ಲುಗಳಿವೆ. ಊರಿಂದ ಹೋದವರೆಷ್ಟು, ತೀರಿಕೊಂಡವರೆಷ್ಟು ಅಂತ ಎರಡೇ ಅಂಕಿ ಇರುತ್ತವೆ, ಹೆಸರು ಇರುವುದಿಲ್ಲ. ಸಿಕ್ಕರೆ ಎರಡೂ ಅಂಕಿ ಬರಕೊಂಡು ಬರ್ರಿ. ಊರಿನ ಹಿರಿಯರನ್ನು ಕೇಳಿ, ಆ ಅಂಕಿಯೊಳಗಿನ ಒಂದಾದರೂ ಹೆಸರು ಸಿಗುತ್ತದಾ ನೋಡೋಣ.

ಅಲಖನೂರಿನಿಂದ ತಿರುಗಿ ಬರುವಾಗ ಅದೇ ಗೇಟಿನ ಮುಂದ ಹಾದು ಬಂದೆವು. ಹೋಗುವಾಗ ಕಂಡಿದ್ದ ಒಂದು ಟ್ರ್ಯಾಕ್ಟರ್ ಅಲ್ಲೇ ಇತ್ತು, ನಾಲ್ಕು ಗಾಡಿ ಮುಂದೆ ಸರಿದಿತ್ತು. ಚಾಲಕ ಟ್ರೇಲರಿನ ನೆರಳಿನಲ್ಲಿ ಮಲಗಿದ್ದ.